ಮೂರನೆಯ ತರಗತಿಯ ಮಾರ್ಚ್ ತಿಂಗಳು

ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಗಳ ಶೈಕ್ಷಣಿಕ ವರ್ಷ ಮೇ ಕೊನೆಗೆ ಶುರುವಾಗಿ ಏಪ್ರಿಲ್ 10ರ ಹೊತ್ತಿಗೆ ಮುಗಿಯುತ್ತದೆ. ನಡುವಿನ ದಸರಾ ರಜೆ ಅದನ್ನು ಎರಡು ಅವಧಿಗಳಾಗಿ ಭಾಗಿಸುತ್ತದೆ. ಮೊದಲ ಅವಧಿಯಲ್ಲಿ ಏನಾದರೂ ಉಳಿದುಹೋದರೆ ತುಂಬಿಕೊಳ್ಳಲು ನವೆಂಬರ್ ಇದೆ, ಡಿಸೆಂಬರ್ ಇದೆ. ಎರಡನೆಯ ಅವಧಿಯಲ್ಲಿ ಉಳಿದುಹೋದದ್ದು ಮಗುವಿನ ಜೊತೆಗೇ ಮುಂದಿನ ತರಗತಿಗೆ ನಡೆಯುತ್ತದೆ. ಆದ್ದರಿಂದ ಮಾರ್ಚ್ ತಿಂಗಳಲ್ಲಿ ತರಗತಿಯೊಳಗೆ ಯಾವ ಚಟುವಟಿಕೆ ನಡೆಯಬೇಕು ಎಂಬುದನ್ನು ಯೋಚಿಸಿಯೇ ತೀರ್ಮಾನಿಸಬೇಕಾಗುತ್ತದೆ. ಮೂರನೆಯ ತರಗತಿಯಲ್ಲಂತೂ ಈ ತೀರ್ಮಾನ ಬೇರೆಲ್ಲ ತರಗತಿಗಳಿಗಿಂತ ಹೆಚ್ಚು ತೂಕದ್ದು. ಕಾರ್ಡುಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಅಲ್ಲಿಗೆ ಮುಗಿಯುತ್ತದೆ, ಪಠ್ಯಪುಸ್ತಕದ ಓದು ಅಲ್ಲಿಂದಾಚೆಗೆ ಶುರುವಾಗುತ್ತದೆ.

ಚಾಮರಾಜನಗರ ತಾಲ್ಲೂಕಿನ ಹೋಬಳಿ ಕೇಂದ್ರವಾದ ಚಂದಕವಾಡಿಯ ಸುತ್ತಿನ ಸೀಮೆಯಲ್ಲಿ ಈ ದಿನಗಳು ಊರಿಗೂ ಬಿಡುವಿಲ್ಲದವು. ಮುಂಗಾರಿನ ಮೊದಲಿಗೆ ನೆಟ್ಟ ಅರಿಶಿನವನ್ನು ಜನವರಿಯಿಂದ ಅಗೆಯತೊಡಗಿ, ಬೇಯಿಸಿ, ಒಣಹಾಕುವ ಕೆಲಸ ಮಾರ್ಚ್‌ವರೆಗೂ ಎಳೆಯುತ್ತದೆ. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದುಕೊಂಡು ಹೋಗುವವರಿದ್ದಾರೆ, ಯುಗಾದಿಗೆ ಅಲ್ಲೇ ಮತ್ತೆ ಜಾತ್ರೆ. ಕೂಲಿಗೆ ಹೋಗುವ ತಾಯಿ ತಂದೆಯರ ಮಕ್ಕಳು ಎಳೆಯ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ನಿಲ್ಲುವುದುಂಟು. ಶಾಲೆಯೊಳಗೂ ಒತ್ತಡ ಕಡಿಮೆಯಿಲ್ಲ. ವರ್ಷದ ಕೊನೆಯ ಸಂಕಲನಾತ್ಮಕ ಮೌಲ್ಯಮಾಪನ, ಅಂಕಪಟ್ಟಿ, ದಾಖಲೆ ತುಂಬುವುದು, ವಾರ್ಷಿಕೋತ್ಸವ, ಚುನಾವಣೆಯ ವರ್ಷವಾದರೆ ಅದರ ಕೆಲಸ, ಎಲ್ಲವೂ ಇದೇ ನಾಲ್ಕೈದು ವಾರಗಳಲ್ಲಿ ಬಂದು ಬೀಳುತ್ತವೆ. ಇಷ್ಟರ ನಡುವೆ ಉಳಿಯುವ ಕಲಿಕೆಯ ಗಂಟೆಗಳು ಕಡಿಮೆ. ಆ ಕಡಿಮೆ ಗಂಟೆಗಳು ಯಾರಿಗೆ ಸಲ್ಲಬೇಕು? ಹಿಂದುಳಿದಿರುವ ಮಗುವಿಗೆ ಎಂಬುದೇ ಈ ಲೇಖನದ ವಾದ. ಕೊನೆಯ ತಿಂಗಳ ಯಾವುದೇ ಚಟುವಟಿಕೆಯನ್ನು ಆರಿಸುವಾಗಲೂ ಅದರಲ್ಲಿ ಆ ಮಗು ಏನು ಮಾಡುತ್ತದೆ ಎಂದು ಮೊದಲು ಕೇಳಿಕೊಳ್ಳಬೇಕು.

ಈ ವಾದದ ಹಿನ್ನೆಲೆ ನಲಿ-ಕಲಿಯ ರಚನೆಯಲ್ಲಿಯೇ ಇದೆ. 1995ರಲ್ಲಿ ಯುನಿಸೆಫ್ ನೆರವಿನಿಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಈ ಪದ್ಧತಿ ಆರಂಭವಾಯಿತು. ಅಲ್ಲಿನ ಶಿಕ್ಷಕರು ಆಂಧ್ರಪ್ರದೇಶದ ಮದನಪಲ್ಲಿ ಬಳಿಯ ಋಷಿ ವ್ಯಾಲಿಗೆ ಹೋಗಿ, ಹಳ್ಳಿಯ ಸಣ್ಣ ಶಾಲೆಗಳಲ್ಲಿ ಕಾರ್ಡುಗಳ ಮೂಲಕ ಕಲಿಸುವುದನ್ನು ಕಂಡು ಬಂದರು. ಬಂದವರು ತಮ್ಮ ಮಕ್ಕಳಿಗೆ ಒಗ್ಗುವ ಕಾರ್ಡುಗಳನ್ನು ಕನ್ನಡದಲ್ಲಿ ತಾವೇ ಸಿದ್ಧಮಾಡಿದರು. ಮೇಲಿನಿಂದ ಇಳಿದ ಸುತ್ತೋಲೆಯಿಂದಲ್ಲದೆ ತರಗತಿಯ ಮೇಷ್ಟ್ರುಗಳ ಕೈಯಿಂದ ರೂಪುಗೊಂಡದ್ದು ಈ ಪದ್ಧತಿಯ ದೊಡ್ಡ ಬಲ. ಆಗ ಚಂದಕವಾಡಿಯೂ ಅದೇ ಮೈಸೂರು ಜಿಲ್ಲೆಯಲ್ಲಿತ್ತು. ಚಾಮರಾಜನಗರ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಕಾಡಂಚಿನ ಊರುಗಳು, ಹಾಡಿಗಳು, ಒಬ್ಬಿಬ್ಬರೇ ಶಿಕ್ಷಕರಿರುವ ಶಾಲೆಗಳು, ಕೆಲಸದ ದಿನಗಳಲ್ಲಿ ತಪ್ಪಿಸಿಕೊಳ್ಳುವ ಹಾಜರಾತಿ, ಇವೆಲ್ಲ ಎರಡೂ ಕಡೆ ಒಂದೇ. 2009–10ರಲ್ಲಿ ನಲಿ-ಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೆ ವಿಸ್ತರಿಸಿತು, ಬಳಿಕ ಮೂರನೆಯದಕ್ಕೂ ಬಂತು.

ನಲಿ-ಕಲಿಯಲ್ಲಿ ಮೂರೂ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ‘ತಟ್ಟೆ’ ಎಂಬ ಗುಂಪುಗಳಲ್ಲಿ ಕೂರುತ್ತಾರೆ. ಶಿಕ್ಷಕರ ಪೂರ್ತಿ ಬೆಂಬಲ ಬೇಕಾದವರದು ಒಂದು ತಟ್ಟೆ, ಅಷ್ಟಿಷ್ಟು ಬೆಂಬಲ ಸಾಕಾದವರದು ಇನ್ನೊಂದು, ಜೊತೆಯ ಮಕ್ಕಳಿಂದ ಕಲಿಯುವವರದು ಮತ್ತೊಂದು, ತಾವಾಗಿಯೇ ಕಲಿಯಬಲ್ಲವರದು ಕೊನೆಯದು. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ಅಲ್ಲಿ ನೋಡಿಕೊಂಡು, ಅದಕ್ಕೆ ಹೊಂದುವ ಚಿತ್ರದ ಗುರುತಿರುವ ಕಾರ್ಡನ್ನು ತೆಗೆದುಕೊಂಡು ತನ್ನ ತಟ್ಟೆಗೆ ಹೋಗುತ್ತದೆ. ಅಕ್ಷರಗಳೂ ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ. ಮೊದಲು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಮೊದಲ ಐದು ಅಕ್ಷರ ಕಲಿತ ಮಗು ಸರ, ದರ, ಅರಸ, ಅಗಸ, ಗರಗಸ ಎಂದು ಕೂಡಲೇ ಓದಬಲ್ಲದು. ಐವತ್ತು ಅಕ್ಷರ ಮುಗಿಯುವವರೆಗೆ ಅರ್ಥವುಳ್ಳ ಒಂದು ಪದಕ್ಕಾಗಿಯೂ ಕಾಯಬೇಕಾಗಿದ್ದ ಹಳೆಯ ಕ್ರಮಕ್ಕೆ ಹೋಲಿಸಿದರೆ ಇದು ಬಹಳ ಮಾನವೀಯವಾದ ಬದಲಾವಣೆ. ಹದಿನೈದು ದಿನ ಶಾಲೆ ತಪ್ಪಿಸಿದ ಮಗು ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಅರಿಶಿನದ ಸುಗ್ಗಿಯಿರುವ ಊರಿಗೆ ಇದಕ್ಕಿಂತ ಒಪ್ಪುವ ವ್ಯವಸ್ಥೆಯಿಲ್ಲ.

ಆದರೆ ಏಣಿಗೆ ತಾರೀಕಿಲ್ಲ, ಶಾಲೆಗೆ ತಾರೀಕಿದೆ. ತನ್ನ ವೇಗದಲ್ಲಿ ಹತ್ತು ಎಂದು ಮಗುವಿಗೆ ಮೂರು ವರ್ಷ ಹೇಳಿದ ಪದ್ಧತಿ, ಮೂರನೆಯ ವರ್ಷದ ಕೊನೆಗೆ ಬಂದಾಗ ಇನ್ನು ಕಾಯಲಾರೆ ಎನ್ನುತ್ತದೆ. ಮಾರ್ಚ್ ಬಂದಾಗ ಮೂರನೆಯ ತರಗತಿಯ ಕೆಲವು ಮಕ್ಕಳು ಇನ್ನೂ ಎರಡನೆಯ ತರಗತಿಯ ಮೆಟ್ಟಿಲುಗಳಲ್ಲಿರುತ್ತಾರೆ, ಒತ್ತಕ್ಷರ ಬಂದಲ್ಲಿ ತಡೆದು ನಿಲ್ಲುತ್ತಾರೆ. ಆಗ ಅವಸರ ಹುಟ್ಟುತ್ತದೆ. ಕಾರ್ಡುಗಳನ್ನು ಹಾರಿಸಿ ಹಾರಿಸಿ ಮುಗಿಸಲಾಗುತ್ತದೆ, ಮಗುವಿನ ಕಲಿಕೆಯನ್ನು ದಾಖಲಿಸುವ ‘ಪ್ರಗತಿ ನೋಟ’ದ ಎಲ್ಲ ಕೋಣೆಗಳಲ್ಲೂ ಗುರುತು ಬೀಳುತ್ತದೆ. ಮಗು ಮಾತ್ರ ಇದ್ದಲ್ಲೇ ಇರುತ್ತದೆ. ಜೂನ್‌ನಲ್ಲಿ ಅದೇ ಮಗು ನಾಲ್ಕನೆಯ ತರಗತಿಯ ಬೆಂಚಿನಲ್ಲಿ ಕೂತಾಗ ತಟ್ಟೆಯಿಲ್ಲ, ಕಾರ್ಡಿಲ್ಲ, ಏಣಿಯಿಲ್ಲ. ಎಲ್ಲರಿಗೂ ಒಂದೇ ದಿನ ಒಂದೇ ಪಾಠ, ಪುಟ ತುಂಬ ಅಕ್ಷರ, ಕೊನೆಗೆ ಪ್ರಶ್ನೋತ್ತರ. ಹಿಂದುಳಿದ ಮಗುವಿಗೆ ಕಲಿಕೆಯ ರೀತಿಯೂ ಬದಲು, ಎತ್ತರವೂ ಬದಲು, ಎರಡೂ ಒಟ್ಟಿಗೆ. ಆರನೆಯ, ಏಳನೆಯ ತರಗತಿಯಲ್ಲಿ ಓದಲು ಬಾರದ ಮಕ್ಕಳ ಬಗ್ಗೆ ನಡೆಯುವ ಚರ್ಚೆಯಲ್ಲಿ ಈ ಒಂದು ತಿರುವಿನ ಕಡೆಗೆ ಸಾಕಷ್ಟು ಗಮನ ಹೋಗಿಲ್ಲ.

ಹಾಗಾಗಿ ಕೊನೆಯ ತಿಂಗಳ ಮೊದಲ ಕೆಲಸ ಪ್ರತಿ ಮಗುವೂ ಎಲ್ಲಿದೆ ಎಂದು ಪ್ರಾಮಾಣಿಕವಾಗಿ ಕಂಡುಕೊಳ್ಳುವುದು. ಇದಕ್ಕೆ ಪ್ರಶ್ನೆಪತ್ರಿಕೆ ಸಾಲದು, ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಓದಿಸಿ ಕೇಳಬೇಕು. ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತ ಬಂದಿರುವ ‘ಅಸರ್’ ಸಮೀಕ್ಷೆಯಲ್ಲಿ ಬಳಸುವ ಹಾಳೆ ಬಹಳ ಸರಳವಾದದ್ದು. ಕೆಲವು ಅಕ್ಷರ, ಕೆಲವು ಪದ, ಒಂದನೆಯ ತರಗತಿಯ ಮಟ್ಟದ ನಾಲ್ಕು ಸಾಲು, ಎರಡನೆಯ ತರಗತಿಯ ಮಟ್ಟದ ಒಂದು ಪುಟ್ಟ ಕಥೆ. ಅಂಥದೊಂದು ಹಾಳೆಯನ್ನು ಶಿಕ್ಷಕರೇ ಬರೆದುಕೊಳ್ಳಬಹುದು. ಒಂದು ಮಗುವಿಗೆ ಐದು ನಿಮಿಷ ಸಾಕು, ದಿನಕ್ಕೆ ನಾಲ್ಕೈದು ಮಕ್ಕಳಂತೆ ಒಂದು ವಾರದಲ್ಲಿ ಇಡೀ ತರಗತಿ ಮುಗಿಯುತ್ತದೆ.

ಕೇಳುವಾಗ ಒಂದು ಎಚ್ಚರ ಬೇಕು. ಚಾಮರಾಜನಗರ ಸೀಮೆಯ ಆಡುಮಾತಿನಲ್ಲಿ ಹಕಾರ ಬಹಳ ಕಡೆ ಬಿದ್ದುಹೋಗುತ್ತದೆ. ಹಾಲು ಆಲಾಗುತ್ತದೆ, ಹಟ್ಟಿ ಅಟ್ಟಿಯಾಗುತ್ತದೆ. ಪುಟದಲ್ಲಿ ‘ಹಾಲು’ ಎಂದಿರುವುದನ್ನು ‘ಆಲು’ ಎಂದು ಓದಿ, ಕರುವಿಗೆ ಬಿಟ್ಟು ಉಳಿದದ್ದನ್ನು ಕರೆಯುತ್ತಾರೆ ಎಂದು ವಿವರಿಸುವ ಮಗುವಿಗೆ ಓದು ಬಂದಿದೆ. ಅಕ್ಷರ ಗುರುತಿಸಲಾರದೆ ಪಕ್ಕದ ಚಿತ್ರ ನೋಡಿ ‘ಹಾಲು’ ಎಂದು ಸರಿಯಾಗಿಯೇ ಹೇಳಿದ ಮಗುವಿಗೆ ಬಂದಿಲ್ಲ. ಮೊದಲನೆಯದನ್ನು ತಪ್ಪೆಂದೂ ಎರಡನೆಯದನ್ನು ಸರಿಯೆಂದೂ ಬರೆದುಕೊಂಡರೆ ಇಡೀ ದಾಖಲೆ ಬುಡಮೇಲಾಗುತ್ತದೆ. ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡುವ ಮಕ್ಕಳು, ಬಿಳಿಗಿರಿರಂಗನ ಬೆಟ್ಟದ ಕಡೆಯ ಸೋಲಿಗರ ಮಕ್ಕಳು ಇದ್ದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಇದೇ ಸೀಮೆಯ ಆಡುಮಾತಿನಲ್ಲಿ ದೇವನೂರ ಮಹಾದೇವ ‘ಕುಸುಮಬಾಲೆ’ಯನ್ನು ಬರೆದರು, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಮಾತಿಗೆ ತರಗತಿಯೊಳಗೆ ಅವಮಾನವಾಗಬೇಕಾದ ಕಾರಣವೇ ಇಲ್ಲ.

ಎರಡನೆಯ ಕೆಲಸ ಉದ್ದನೆಯ ಬರಹಕ್ಕೆ ಮಗುವನ್ನು ಒಗ್ಗಿಸುವುದು. ಕಾರ್ಡಿನಲ್ಲಿರುವುದು ಕೆಲವೇ ಸಾಲು, ನಾಲ್ಕನೆಯ ತರಗತಿಯ ಪಾಠ ಮೂರು ನಾಲ್ಕು ಪುಟ. ಈ ಅಂತರವನ್ನು ದಾಟಿಸಲು ಶಾಲೆಯ ಕಪಾಟಿನಲ್ಲಿ ಬೀಗ ಹಾಕಿರುವ ಕಥೆ ಪುಸ್ತಕಗಳೇ ಸಾಕು. ಶಿಕ್ಷಕರು ದಿನಕ್ಕೊಂದು ಕಥೆಯನ್ನು ಗಟ್ಟಿಯಾಗಿ ಓದಬೇಕು, ಅರ್ಧಕ್ಕೆ ನಿಲ್ಲಿಸಬೇಕು, ಉಳಿದ ಅರ್ಧವನ್ನು ಮಕ್ಕಳು ಜೋಡಿಯಾಗಿ ಓದಿಕೊಳ್ಳಬೇಕು. ಸಂಭಾಷಣೆಯಿರುವ ಪದ್ಯಗಳೂ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತವೆ. ಗುಂಡ್ಲುಪೇಟೆಯ ಮೂಲದ ಮನೆತನದ ಜಿ.ಪಿ. ರಾಜರತ್ನಂ ಅವರ ‘ನಾಯಿಮರಿ’ ಪದ್ಯ ಪ್ರಶ್ನೆ–ಉತ್ತರದ ರೂಪದಲ್ಲಿದೆ. ಕೇಳುವವರೊಬ್ಬರು, ಮರಿಯಾಗುವವರೊಬ್ಬರು. ಓದಲು ಹಿಂಜರಿಯುವ ಮಗುವಿಗೆ ಮರಿಯ ಪಾತ್ರ ಕೊಟ್ಟರೆ ಅದು ತನ್ನ ಸಾಲುಗಳನ್ನು ಹತ್ತು ಬಾರಿ ಬೇಸರವಿಲ್ಲದೆ ಓದುತ್ತದೆ. ಮತ್ತೆ ಮತ್ತೆ ಓದುವುದೇ ಆ ಮಗುವಿಗೆ ಬೇಕಾದದ್ದು. ಅದನ್ನು ಶಿಕ್ಷೆಯಾಗಿ ಹೇರುವುದಕ್ಕೂ ಪಾತ್ರವಾಗಿ ಒಪ್ಪಿಸುವುದಕ್ಕೂ ಬಹಳ ವ್ಯತ್ಯಾಸವಿದೆ.

ಬರವಣಿಗೆಯಲ್ಲಿ ಮಗುವೇ ತನ್ನ ಪುಸ್ತಕ ಮಾಡುವುದು ಒಳ್ಳೆಯ ಚಟುವಟಿಕೆ. ಎರಡು ಹಾಳೆ ಮಡಿಸಿ ಹೊಲಿದರೆ ಎಂಟು ಪುಟ. ಓದು ಚೆನ್ನಾಗಿ ಬರುವ ಮಗು ಅದರಲ್ಲಿ ಕಥೆ ಬರೆಯುತ್ತದೆ. ಪದಗಳ ಮಟ್ಟದಲ್ಲಿರುವ ಮಗು ಪುಟಕ್ಕೊಂದು ಚಿತ್ರ ಬಿಡಿಸಿ ಕೆಳಗೆ ಒಂದೊಂದು ವಾಕ್ಯ ಬರೆಯುತ್ತದೆ. ಇಬ್ಬರ ಪುಸ್ತಕವೂ ಪುಸ್ತಕವೇ, ಎರಡನ್ನೂ ಮಕ್ಕಳ ಕೆಲಸವನ್ನು ತೂಗುಹಾಕುವ ಕಲಿಕಾ ಚಪ್ಪರಕ್ಕೆ ಒಂದೇ ದಾರದಲ್ಲಿ ಕಟ್ಟಬಹುದು.

ಗಣಿತಕ್ಕೆ ಸಾಮಗ್ರಿ ಊರಿನ ಕಣದಲ್ಲಿಯೇ ಇದೆ. ಹಸಿ ಅರಿಶಿನ ಬೆಂದು ಒಣಗಿದಾಗ ತೂಕ ಬಹಳ ಇಳಿಯುತ್ತದೆ, ಐದು ಕಿಲೋ ಹಸಿಗೆ ಸುಮಾರು ಒಂದು ಕಿಲೋ ಒಣ ಸಿಗುತ್ತದೆ. ರೈತರ ಮನೆಯಲ್ಲಿ ಇದು ದಿನನಿತ್ಯದ ಮಾತು, ತರಗತಿಯಲ್ಲಿ ಇದೇ ಅಳತೆ, ವ್ಯವಕಲನ ಮತ್ತು ಭಾಗಾಕಾರದ ಪಾಠ. ಬೇಯಿಸಿದ ಅರಿಶಿನವನ್ನು ಒಂದು ಕಿಲೋದಷ್ಟು ತಂದು ತೂಗಿ, ಶಾಲೆಯ ಅಂಗಳದಲ್ಲಿ ಹರಡಿ, ಎರಡು ದಿನಕ್ಕೊಮ್ಮೆ ಮತ್ತೆ ತೂಗಿ ಗೋಡೆಯ ಹಲಗೆಯಲ್ಲಿ ಬರೆಯುತ್ತ ಹೋದರೆ ಎರಡು ವಾರದಲ್ಲಿ ಮಕ್ಕಳ ಕೈಯಲ್ಲೇ ಒಂದು ಕೋಷ್ಟಕ ಸಿದ್ಧವಾಗುತ್ತದೆ. ಇಂದು ಎಷ್ಟು ಇಳಿಯಿತು, ಮೊನ್ನೆಗಿಂತ ಹೆಚ್ಚೋ ಕಡಿಮೆಯೋ, ಮೋಡ ಮುಸುಕಿದ ದಿನ ಏನಾಯಿತು? ನಲಿ-ಕಲಿ ಕೋಣೆಯಲ್ಲಿ ಹೇಗಿದ್ದರೂ ಇರುವ ಹವಾಮಾನ ನಕ್ಷೆಯನ್ನು ಪಕ್ಕಕ್ಕಿಟ್ಟುಕೊಂಡು ಮಕ್ಕಳು ಉತ್ತರ ಹುಡುಕಬಹುದು. ಸುಗ್ಗಿಯ ಕಾರಣಕ್ಕೆ ಶಾಲೆ ತಪ್ಪಿಸಿದ ಮಗುವೇ ಇಲ್ಲಿ ಎಲ್ಲರಿಗಿಂತ ಹೆಚ್ಚು ತಿಳಿದಿರುತ್ತದೆ. ಯಾವ ಗಡ್ಡೆ, ಯಾವ ಬೆರಳು, ಬೆಂದಿದೆಯೆಂದು ಹೇಗೆ ಗೊತ್ತಾಗುತ್ತದೆ ಎಂದು ಆ ಮಗು ಹೇಳಬೇಕು, ಉಳಿದವರು ಬರೆದುಕೊಳ್ಳಬೇಕು. ವರ್ಷವಿಡೀ ಕೇಳಿಸಿಕೊಂಡೇ ಕೂತ ಮಗುವಿಗೆ ಹೇಳುವ ಸರದಿ ಬರುವುದು ಕಲಿಕೆಯ ದೃಷ್ಟಿಯಿಂದ ಅಲಂಕಾರದ ಮಾತಲ್ಲ. ತನಗೆ ಗೊತ್ತಿರುವುದನ್ನು ಹೇಳಬಲ್ಲೆ ಎಂಬ ಧೈರ್ಯ ಬಂದ ಮೇಲೆ ಗೊತ್ತಿಲ್ಲದ್ದನ್ನು ಕೇಳುವ ಧೈರ್ಯವೂ ಬರುತ್ತದೆ.

ಹಲವು ಶಾಲೆಗಳಲ್ಲಿ ನಡೆಯುವ ಮಕ್ಕಳ ಸಂತೆಯೂ ಇಂಥದೇ. ಮನೆಯ ಸೊಪ್ಪು, ಸಾಂಬಾರ್ ಈರುಳ್ಳಿ, ಬಾಳೆಹಣ್ಣು, ಚೆಂಡು ಹೂವು ತಂದು ಮಕ್ಕಳು ಮಾರುತ್ತಾರೆ. ಹೂವು ಮೊಳದ ಲೆಕ್ಕ, ಈರುಳ್ಳಿ ಕಿಲೋ ಲೆಕ್ಕ, ಸೊಪ್ಪು ಕಟ್ಟಿನ ಲೆಕ್ಕ. ಚಿಲ್ಲರೆ ಕೊಡುವುದು, ಕೂಡುವುದು, ಕಳೆಯುವುದು ಎಲ್ಲ ನಿಜವಾದ ಹಣದಲ್ಲೇ ನಡೆಯುತ್ತದೆ. ಆದರೆ ಗಮನಿಸದಿದ್ದರೆ ಇಲ್ಲಿಯೂ ಚುರುಕಾದ ಮಕ್ಕಳೇ ಹಣ ಎಣಿಸುತ್ತಾರೆ, ಹಿಂದಿನವರು ಬುಟ್ಟಿ ಹೊರುತ್ತಾರೆ. ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಯಾರದು ಎಂದು ಮೊದಲೇ ಗೊತ್ತುಮಾಡಿಬಿಟ್ಟರೆ ಸಂತೆ ಪಾಠವಾಗುತ್ತದೆ.

ಹಬ್ಬದ ರೂಪದ ಕಾರ್ಯಕ್ರಮಗಳಿಗೂ ಇದೇ ಅಳತೆಗೋಲು ಸಲ್ಲುತ್ತದೆ. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ ಕಾಲದ ನಷ್ಟವನ್ನು ತುಂಬಲು 2022–23ರಲ್ಲಿ ರಾಜ್ಯ ‘ಕಲಿಕಾ ಚೇತರಿಕೆ’ ವರ್ಷವನ್ನು ಆಚರಿಸಿತು, ಅದರ ಅಂಗವಾಗಿ ಕ್ಲಸ್ಟರ್ ಮಟ್ಟದಲ್ಲಿ ಕಲಿಕಾ ಹಬ್ಬಗಳು ನಡೆದವು. ಆಡುವುದು, ಹಾಡುವುದು, ಕಾಗದ ಕತ್ತರಿಸಿ ಏನಾದರೂ ಮಾಡುವುದು, ಊರನ್ನು ಸುತ್ತಿ ತಿಳಿಯುವುದು, ಹೀಗೆ ಮಗುವಿನ ಕೈಗೆ ಕೆಲಸ ಕೊಡುವ ಯೋಜನೆ ಅದು, ಒಳ್ಳೆಯ ಯೋಜನೆ. ಶಾಲೆಯ ವಾರ್ಷಿಕೋತ್ಸವ ಹಾಗಿರುವುದಿಲ್ಲ. ಕುಣಿಯಬಲ್ಲ ಎಂಟು ಮಕ್ಕಳನ್ನು ಆರಿಸಿ, ಸಿನಿಮಾ ಹಾಡಿಗೆ ಮೂರು ವಾರ ಅಭ್ಯಾಸ ಮಾಡಿಸಿ, ಬಾಡಿಗೆ ಉಡುಪು ತೊಡಿಸಿ ವೇದಿಕೆಗೆ ಏರಿಸುವಾಗ ಉಳಿದ ಮಕ್ಕಳು ಆ ಮೂರು ವಾರವೂ ಜಗುಲಿಯಲ್ಲಿ ಕೂತು ನೋಡುತ್ತಿರುತ್ತಾರೆ. ಮಾದಪ್ಪನ ಕಥೆಯನ್ನು ಹಾಡುವ ಕಂಸಾಳೆಯವರು, ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು ಇರುವ ನಾಡಿನಲ್ಲಿ ಹಾಡಿಗೆ ಬರವಿಲ್ಲ. ಊರಿನ ಹಿರಿಯರೊಬ್ಬರನ್ನು ಕರೆಸಿ ಕಥೆ ಕೇಳಿ, ಮಕ್ಕಳೇ ಅದನ್ನು ಚಿಕ್ಕ ಚಿಕ್ಕ ಭಾಗಗಳಾಗಿ ಬರೆದುಕೊಂಡು, ಒಬ್ಬೊಬ್ಬರು ಒಂದೊಂದು ಭಾಗವನ್ನು ಹೇಳಿದರೆ ಓದು, ಬರಹ, ಮಾತು ಮೂರೂ ಅದರಲ್ಲಿ ಬರುತ್ತವೆ, ತರಗತಿಯ ಯಾವ ಮಗುವೂ ಹೊರಗುಳಿಯುವುದಿಲ್ಲ. ಅಂಥ ಪ್ರದರ್ಶನ ತಡವರಿಸಬಹುದು. ತಡವರಿಸಲಿ.

ಕೊನೆಯ ತಿಂಗಳೆಂದರೆ ಪರೀಕ್ಷೆ ಎಂಬ ಭಾವನೆ ಮಾತ್ರ ಬಲವಾದದ್ದು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಕಡ್ಡಾಯ ಮಾಡಿತು, ಎಲಿಮೆಂಟರಿ ಹಂತ ಮುಗಿಯುವವರೆಗೆ ಬೋರ್ಡ್ ಪರೀಕ್ಷೆ ಬೇಡವೆಂದಿತು. ವರ್ಷದಲ್ಲಿ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ಹೀಗೆ ಬಂದವು. 2019ರ ತಿದ್ದುಪಡಿ ಐದು ಮತ್ತು ಎಂಟನೆಯ ತರಗತಿಗಳಿಗೆ ಪರೀಕ್ಷೆಯ ಬಾಗಿಲು ತೆರೆಯಿತು. ಕರ್ನಾಟಕ 2023ರಲ್ಲಿ ಈ ಎರಡು ತರಗತಿಗಳಿಗೂ, 2024ರಲ್ಲಿ ಒಂಬತ್ತು ಮತ್ತು ಹನ್ನೊಂದನ್ನೂ ಸೇರಿಸಿಕೊಂಡು, ರಾಜ್ಯಮಟ್ಟದ ಮೌಲ್ಯಾಂಕನಕ್ಕೆ ಹೊರಟಿತು. 2024ರ ಮಾರ್ಚ್‌ನಲ್ಲಿ ಪರೀಕ್ಷೆ ಶುರುವಾಗಿ, ನ್ಯಾಯಾಲಯದ ಆದೇಶದಿಂದ ನಡುವೆಯೇ ನಿಂತು, ಮತ್ತೆ ನಡೆದು, ಕೊನೆಗೆ ಏಪ್ರಿಲ್ 8ರಂದು ಫಲಿತಾಂಶಕ್ಕೆ ಸುಪ್ರೀಂ ಕೋರ್ಟ್ ತಡೆ ನೀಡಿತು. ಹತ್ತು ವರ್ಷದ ಮಕ್ಕಳು ಇಂದು ಪರೀಕ್ಷೆ ಇದೆಯೋ ಇಲ್ಲವೋ ಎಂದು ಕಾಯುವಂತಾದದ್ದು ನೋವಿನ ಸಂಗತಿ. ಪರೀಕ್ಷೆ ಬೇಕೆನ್ನುವವರ ವಾದದಲ್ಲಿ ಹುರುಳಿಲ್ಲವೆಂದಲ್ಲ. ಮಗುವಿಗೆ ಓದು ಬಂದಿದೆಯೇ ಎಂದು ಯಾರೂ ಕೇಳದೆ ಮುಂದೆ ದಾಟಿಸುವುದು ಅನ್ಯಾಯವೇ. ಆದರೆ ಆ ಪ್ರಶ್ನೆಯನ್ನು ಐದನೆಯ ತರಗತಿಯ ಕೊನೆಗೆ, ಅಚ್ಚಾದ ಪ್ರಶ್ನೆಪತ್ರಿಕೆಯಲ್ಲಿ ಕೇಳಿದರೆ ಎರಡು ವರ್ಷ ತಡವಾಗಿರುತ್ತದೆ. ಮೂರನೆಯ ತರಗತಿಯ ಮಾರ್ಚ್‌ನಲ್ಲಿ, ಪಕ್ಕದಲ್ಲಿ ಕೂತು ಕೇಳಿದರೆ ಉತ್ತರ ಸಿಕ್ಕ ಮೇಲೂ ಏನಾದರೂ ಮಾಡಲು ಸಮಯವಿರುತ್ತದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ನಿಪುಣ್ ಭಾರತ್’ ಕೂಡ ಮೂರನೆಯ ತರಗತಿ ಮುಗಿಸುವ ಪ್ರತಿ ಮಗುವಿಗೂ ಅರ್ಥ ಮಾಡಿಕೊಂಡು ಓದುವುದು, ಮೂಲ ಲೆಕ್ಕ ಬರಬೇಕೆಂದೇ ಗುರಿಯಿಟ್ಟಿದೆ.

ಇದೆಲ್ಲಕ್ಕೂ ಶಿಕ್ಷಕರಿಗೆ ಸಮಯವೆಲ್ಲಿದೆ ಎಂಬ ಆಕ್ಷೇಪ ಪೂರ್ತಿ ನ್ಯಾಯವಾದದ್ದು. ಇಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಬ್ಬರು ತರಬೇತಿಗೋ ಸಭೆಗೋ ಹೋದರೆ ಇನ್ನೊಬ್ಬರು ಐದು ತರಗತಿ ನೋಡಬೇಕು. ಮಾರ್ಚ್ ತಿಂಗಳಲ್ಲಿ ಹೊಸ ದಾಖಲೆ, ಹೊಸ ಮಾಹಿತಿ ಕೇಳುವುದನ್ನು ಇಲಾಖೆ ನಿಲ್ಲಿಸಿದರೆ ಮಕ್ಕಳಿಗೆ ಸಿಗುವ ಲಾಭ ಯಾವ ಹೊಸ ಯೋಜನೆಗಿಂತಲೂ ಕಡಿಮೆಯಿರದು. ಐದನೆಯ ತರಗತಿಯ ಕಡೆಯಿಂದಲೂ ಸೆಳೆತವಿದೆ. ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಆದರ್ಶ ವಿದ್ಯಾಲಯಗಳ ಪ್ರವೇಶ ಪರೀಕ್ಷೆಗೆ ಸಿದ್ಧಗೊಳಿಸುವುದರಲ್ಲಿ ಶಾಲೆಯ ಉತ್ಸಾಹವೆಲ್ಲ ಆ ನಾಲ್ಕಾರು ಮಕ್ಕಳ ಕಡೆ ಹರಿಯುತ್ತದೆ. ಆ ಮಕ್ಕಳ ಬದುಕು ಅದರಿಂದ ಬದಲಾಗುವುದು ನಿಜ. ಅದೇ ಶಾಲೆಯ ಮೂರನೆಯ ತರಗತಿಯಲ್ಲಿ ಒತ್ತಕ್ಷರಕ್ಕೆ ಸಿಕ್ಕಿಕೊಂಡಿರುವ ನಾಲ್ಕಾರು ಮಕ್ಕಳ ಬದುಕೂ ಅಷ್ಟೇ ಬದಲಾಗಬಲ್ಲದು ಎಂಬುದನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಯಾರಾದರೂ ಎತ್ತಬೇಕು.

ಪೋಷಕರ ಎದುರು ಇಡುವ ಮಾತೂ ಬದಲಾಗಬೇಕಾಗುತ್ತದೆ. ವರ್ಷದ ಕೊನೆಗೆ ‘ಸಮುದಾಯದತ್ತ ಶಾಲೆ’ ಎಂಬ ಹೆಸರಿನಲ್ಲಿ ತಾಯಿ ತಂದೆಯರನ್ನು ಕರೆದು ಮಕ್ಕಳ ಫಲಿತಾಂಶ ತಿಳಿಸುವ ಪದ್ಧತಿಯಿದೆ. ಅಲ್ಲಿ ಎ, ಬಿ ಎಂಬ ಶ್ರೇಣಿ ಓದಿ ಸಹಿ ಹಾಕಿಸಿಕೊಂಡರೆ, ಕೂಲಿ ಬಿಟ್ಟು ಬಂದ ತಾಯಿಗೆ ಏನೂ ತಿಳಿದಂತಾಗಲಿಲ್ಲ. ಜೂನ್‌ನ ನೋಟ್‌ಬುಕ್ಕಿನ ಒಂದು ಪುಟವನ್ನೂ ಮಾರ್ಚ್‌ನ ಒಂದು ಪುಟವನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರೆ ಓದು ಬಾರದ ತಾಯಿಗೂ ತನ್ನ ಮಗು ಎಷ್ಟು ಮುಂದೆ ಬಂದಿದೆ ಎಂದು ಕಾಣುತ್ತದೆ. ಮಗುವೇ ತಾನು ಹೊಲಿದ ಪುಸ್ತಕದಿಂದ ಒಂದು ಪುಟ ಓದಿ ಹೇಳಿದರೆ ಇನ್ನೂ ಸರಿ. ಇಂಗ್ಲಿಷ್ ಮಾಧ್ಯಮದ ಕಡೆಗೆ ಮಕ್ಕಳು ಹೋಗುತ್ತಿರುವ ಕಾಲದಲ್ಲಿ, 2019–20ರಿಂದ ಸರ್ಕಾರವೇ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದಿರುವಾಗ, ಕನ್ನಡ ಶಾಲೆಯ ಮೇಲೆ ಊರಿನ ನಂಬಿಕೆ ಉಳಿಯಬೇಕಾದರೆ ಇಂಥ ಕಣ್ಣಿಗೆ ಕಾಣುವ ಪುರಾವೆ ಬೇಕು. ಓದು ಹಿಂದಿರುವ ಮಗುವಿನ ತಾಯಿಗೂ ನಿಜವನ್ನೇ ಹೇಳಬೇಕು. ಏನು ಬಂದಿದೆ, ಏನು ಬಂದಿಲ್ಲ, ರಜೆಯಲ್ಲಿ ಅಣ್ಣನೋ ಅಕ್ಕನೋ ದಿನಕ್ಕೆ ಹತ್ತು ನಿಮಿಷ ಯಾವ ಪುಸ್ತಕ ಓದಿಸಬಹುದು ಎಂದು ವಿವರಿಸಿ, ಆ ಪುಸ್ತಕವನ್ನು ಕೈಗೇ ಕೊಟ್ಟು ಕಳಿಸಬೇಕು. ಒಂದೂವರೆ ತಿಂಗಳ ಬೇಸಿಗೆ ರಜೆಯಲ್ಲಿ ಪುಸ್ತಕವೊಂದು ಹರಿದು ಹೋದರೆ ಶಾಲೆಗೆ ಆಗುವ ನಷ್ಟ ಅಲ್ಪ.

ಉಳಿದಿರುವುದು ಮುಂದಿನ ತರಗತಿಗೆ ದಾಟಿಸುವ ದಾಖಲೆ. ಪ್ರಗತಿ ನೋಟ ನಲಿ-ಕಲಿ ಕೋಣೆಯಲ್ಲಿಯೇ ಉಳಿದು, ನಾಲ್ಕನೆಯ ತರಗತಿಯ ಶಿಕ್ಷಕರಿಗೆ ಶ್ರೇಣಿಗಳ ಪಟ್ಟಿ ಮಾತ್ರ ಸಿಕ್ಕರೆ ಮಾರ್ಚ್‌ನ ಶ್ರಮವೆಲ್ಲ ಅಲ್ಲಿಗೇ ನಿಲ್ಲುತ್ತದೆ. ಮಗುವಿಗೊಂದರಂತೆ ಅರ್ಧ ಹಾಳೆ ಸಾಕು. ಏಣಿಯ ಯಾವ ಮೆಟ್ಟಿಲಲ್ಲಿದೆ, ಕಥೆ ಓದುತ್ತದೆಯೋ ಪದ ಮಾತ್ರವೋ, ಯಾವ ಒತ್ತಕ್ಷರಗಳಲ್ಲಿ ತಡೆಯುತ್ತದೆ, ದಶಕ ಎರವಲು ಪಡೆಯುವ ವ್ಯವಕಲನ ಬಂದಿದೆಯೇ, ಯಾರ ಜೊತೆ ಕೂತರೆ ಚೆನ್ನಾಗಿ ಕಲಿಯುತ್ತದೆ, ಯಾವ ತಿಂಗಳಲ್ಲಿ ಏಕೆ ಶಾಲೆ ತಪ್ಪಿಸಿತು. ವರ್ಷದ ಆರಂಭದಲ್ಲಿ ಎಲ್ಲ ಶಾಲೆಗಳೂ ಸೇತುಬಂಧ ನಡೆಸುತ್ತವೆ. ಪೂರ್ವ ಪರೀಕ್ಷೆ ಮಾಡಿ, ಮಕ್ಕಳ ಮಟ್ಟ ಗುರುತಿಸಿ, ಹಿಂದಿನ ತರಗತಿಯ ಕಲಿಕೆಯನ್ನು ತುಂಬಿಸಿ, ಆಮೇಲೆ ಸಾಫಲ್ಯ ಪರೀಕ್ಷೆ. ಆ ಅರ್ಧ ಹಾಳೆಗಳು ಕೈಯಲ್ಲಿದ್ದರೆ ನಾಲ್ಕನೆಯ ತರಗತಿಯ ಶಿಕ್ಷಕರು ಈಗಾಗಲೇ ಗೊತ್ತಿರುವುದನ್ನು ಮತ್ತೆ ಪರೀಕ್ಷಿಸುವ ದಿನಗಳನ್ನು ಉಳಿಸಿಕೊಂಡು, ಜೂನ್ ಮೊದಲ ವಾರದಿಂದಲೇ ಓದಿಸುವ ಕೆಲಸಕ್ಕೆ ಇಳಿಯಬಹುದು. ಬೇಕಾದ ಮಕ್ಕಳಿಗೆ ನಲಿ-ಕಲಿಯ ಕಾರ್ಡುಗಳನ್ನು ಪಕ್ಕದ ಕೋಣೆಯಿಂದ ತರಿಸಿಕೊಂಡು, ಪಠ್ಯಪುಸ್ತಕದ ಜೊತೆಗೆ ಆಗಸ್ಟ್‌ವರೆಗೂ ಮುಂದುವರಿಸಬಹುದು.